ಗುಡಿಸಿದ ಹಾದಿ

ನಮ್ಮ ಮನೆಯ ಮುಂದಿನ ಸೈಡ್‌ವಾಕ್ ಬೀದಿಯ ಕೊನೆಯ ಮನೆ ದಾಟಿದ ಕೂಡಲೇ ನಿಂತುಬಿಡುತ್ತಿತ್ತು. ತಿರುವಿಲ್ಲ, ಬೋರ್ಡಿಲ್ಲ. ಸಿಮೆಂಟಿನ ಕೊನೆಯ ಚಪ್ಪಡಿ, ಅದಾದ ಮೇಲೆ ಹುಲ್ಲು, ಹುಲ್ಲಿನಾಚೆ ಆರು ಲೇನಿನ ರಸ್ತೆ. ಮಾರಿಸ್‌ವಿಲ್ ಕಡೆಗೆ ದೇಶ ಬಿಟ್ಟು ಬಂದ ಹೊಸದರಲ್ಲಿ ನಾನು ಎಷ್ಟೋ ಸಂಜೆ ಆ ಚಪ್ಪಡಿಯ ಮೇಲೆ ನಿಂತು, ಇಲ್ಲಿವರೆಗೆ ನಡೆದು ಬಂದವರು ಮುಂದೇನು ಮಾಡಲಿ ಎಂದು ಇದನ್ನು ಕಟ್ಟಿದವರು ಅಂದುಕೊಂಡಿದ್ದರೋ ಎಂದು ಯೋಚಿಸಿದ್ದೇನೆ. ಗಂಡನನ್ನು ಕೇಳಿದರೆ, ಬಿಲ್ಡರ್‌ನ ಜಾಗ ಅಲ್ಲಿಗೆ ಮುಗಿಯಿತು, ಅದಕ್ಕೇ ಸೈಡ್‌ವಾಕೂ ಮುಗಿಯಿತು ಎಂದರು. ಅವರಿಗೆ ಅಷ್ಟು ಉತ್ತರ ಸಾಕು. ನನಗೆ ಸಾಲದು. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಬೇರೆಯವರು ಮಾಡಿಟ್ಟದ್ದರಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳು ನಾನು, ಮನೆಗೆ ಬಂದ ಮೇಲೂ ಆ ಚಾಳಿ ಬಿಡುವುದಿಲ್ಲ.

ಈ ವಿಷಯದಲ್ಲಿ ನನಗೆ ಮನೆಯೊಳಗೇ ಜೊತೆ ಸಿಕ್ಕಿದ್ದು ಮಾವನವರು ಬಂದ ಮೇಲೆ. ಅತ್ತೆ ತೀರಿಕೊಂಡ ಮರುವರ್ಷ, 2012ರಲ್ಲಿರಬೇಕು, ಅವರು ಧಾರವಾಡದಿಂದ ಬಂದು ನಮ್ಮ ಜೊತೆಯಲ್ಲೇ ಉಳಿದರು. ಸರ್ವೇ ಇಲಾಖೆಯಲ್ಲಿ ಭೂಮಾಪಕರಾಗಿದ್ದವರು. ಮೂವತ್ತಮೂರು ಅಡಿಯ ಸರಪಳಿ ಎಳೆಸಿಕೊಂಡು ಧಾರವಾಡ, ಹಾವೇರಿ ಕಡೆಯ ಹೊಲಗಳನ್ನು ಅಳೆಯುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ನಾನು ಮೈಸೂರಿನವಳು. ಅವರ ಮಾತು ನನಗೆ ಮೊದಲ ವರ್ಷ ಮುಕ್ಕಾಲು ಪಾಲು ಅರ್ಥವಾದರೆ ಹೆಚ್ಚು, ನನ್ನ ಮಾತು ಅವರಿಗೆ ರೇಡಿಯೋ ಕೇಳಿದ ಹಾಗಿರುತ್ತಿತ್ತಂತೆ. ಆದರೆ ಆ ಚಪ್ಪಡಿಯ ಮುಂದೆ ನಿಂತಾಗ ಇಬ್ಬರಿಗೂ ಒಂದೇ ಸಿಟ್ಟು.

ನಕಾಶೆಯ ವಿಷಯ ನನಗೆ ಹೇಳಿಕೊಟ್ಟವರು ಅವರೇ. ನಮ್ಮ ಕಡೆಯ ಗ್ರಾಮ ನಕಾಶೆಯಲ್ಲಿ ಬಂಡಿದಾರಿಗೆ ಎರಡು ಸಾಲು ಚುಕ್ಕೆಗೆರೆ, ಕಾಲುದಾರಿಗೆ ಒಂದೇ ಸಾಲು. ಆ ಗೆರೆ ಇದ್ದರೆ ಹೊಲ ಯಾರದೇ ಆಗಿರಲಿ, ನಡೆಯುವವನನ್ನು ತಡೆಯುವಂತಿಲ್ಲ. ತಡೆಯುವವರು ಇದ್ದೇ ಇರುತ್ತಿದ್ದರು. ಒಬ್ಬ ದಾರಿಯನ್ನು ಹೊಲಕ್ಕೆ ಸೇರಿಸಿ ಉಳುವುದು, ಇನ್ನೊಬ್ಬ ಮುಳ್ಳು ಹಚ್ಚುವುದು, ಊರವರು ಅರ್ಜಿ ಕೊಡುವುದು, ಇವರು ಹೋಗಿ ಅಳೆದು ದಾರಿ ತೆರೆಸುವುದು. ಸರ್ವಿಸ್ಸಿನ ಅರ್ಧ ಅದರಲ್ಲೇ ಕಳೆಯಿತು ಎನ್ನುತ್ತಿದ್ದರು. ಈ ಊರಿನ ನಕಾಶೆ ತೋರಿಸು ಎಂದಾಗ ನಾನು ಫೋನಿನಲ್ಲಿ ಮ್ಯಾಪ್ ತೆಗೆದುಕೊಟ್ಟೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇದರಾಗ ಮನಷ್ಯಾರ ಹಾದಿ ಎಲ್ಲೈತಿ?" ಎಂದರು.

ಎರಡೇ ತಿಂಗಳಲ್ಲಿ ಅವರೇ ಒಂದು ಹುಡುಕಿಕೊಂಡರು. ನಮ್ಮ ಟೌನ್‌ಹೌಸ್ ಸಾಲಿನ ಹಿಂದೆ ಮಳೆನೀರು ನಿಲ್ಲಿಸಲು ತೋಡಿದ ಒಂದು ಕೊಳ, ಅದರ ಬದಿಯಿಂದ ಶುರುವಾಗುವ ಪೈನ್ ಮರಗಳ ಕಾಡು. ಕಾಡಿನ ಮಧ್ಯೆ ಒಂದು ಸಣ್ಣ ತೊರೆ. ತೊರೆಯಾಚೆ ವಿದ್ಯುತ್ ತಂತಿ ಹಾಯ್ದು ಹೋಗುವ ಬಯಲು ಪಟ್ಟಿ. ಅದನ್ನು ದಾಟಿದರೆ ಪಾರ್ಕು, ಅಲ್ಲಿನ ಕ್ರಿಕೆಟ್ ಮೈದಾನ. ಕಾರಿನಲ್ಲಿ ಹೋದರೆ ಎರಡು ಸಿಗ್ನಲ್, ಒಂದು ಯು ಟರ್ನ್, ಹನ್ನೆರಡು ನಿಮಿಷ. ಕಾಡಿನೊಳಗಿಂದ ಹತ್ತು ನಿಮಿಷದ ನಡಿಗೆ. ಮೊದಲ ವಾರವೇ ಹೆಜ್ಜೆಯಲ್ಲಿ ಅಳೆದು ಅರವತ್ತೊಂದು ಸರಪಳಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಎಲ್ಲಿ ಹುಲ್ಲು ಮುಗಿಯುತ್ತದೆ, ಎಲ್ಲಿ ತೊರೆ, ಯಾವ ಮರದಿಂದ ಎಡಕ್ಕೆ ಎಷ್ಟು ಅಡಿ, ಎಲ್ಲವನ್ನೂ ಕನ್ನಡ ಅಂಕಿಯಲ್ಲಿ ಗುರುತು ಹಾಕಿದ್ದರು. ಯಾಕೆ ಮಾವ, ಯಾರಿಗೆ ಬೇಕು ಎಂದು ನಾನು ಕೇಳಿದ್ದೆ. ಹಾದಿ ಕಂಡರೆ ಟಿಪ್ಪಣಿ ಬರೆಯುವುದು ತಮಗೆ ರೂಢಿ ಎಂದರು. ಸರ್ವೇಯವರು ಸ್ಥಳದಲ್ಲೇ ಅಳೆದು ಬರೆಯುವ ಚಿತ್ರಕ್ಕೆ ಟಿಪ್ಪಣಿ ಎನ್ನುತ್ತಾರೆ.

ಆ ಹಾದಿಯಲ್ಲಿ ಅವರೊಬ್ಬರೇ ಇರಲಿಲ್ಲ. ಮಕ್ಕಳ ಮನೆಗೆಂದು ಬಂದ ಹಿರಿಯರು ಹತ್ತು ಹನ್ನೆರಡು ಜನ ಅಕ್ಕಪಕ್ಕದ ಬೀದಿಗಳಲ್ಲಿದ್ದರು. ಗುಂಟೂರಿನ ನಿವೃತ್ತ ಮೇಷ್ಟ್ರು, ಸೂರತ್ತಿನ ಗಂಡ ಹೆಂಡತಿ, ಕುಂಭಕೋಣದಿಂದ ಬಂದ ಒಬ್ಬರು ಆಂಟಿ. ಒಬ್ಬರಿಗೂ ಡ್ರೈವಿಂಗ್ ಬಾರದು. ಎಲ್ಲರಿಗೂ ಸೇರಿ ಒಂದು ಮುರುಕು ಹಿಂದಿ. ಸಂಜೆ ನಾಲ್ಕೂವರೆಗೆ ಕಾಡು ದಾಟಿ ಮೈದಾನದ ಬದಿ ಕೂತು, ಆಡುವ ಹುಡುಗರ ಬ್ಯಾಟಿಂಗ್ ಸರಿಯಿಲ್ಲ ಎಂದು ಬೈದು, ಆರಕ್ಕೆ ವಾಪಸ್ಸು. ತೊರೆಗೆ ಒಂದು ಹಲಗೆ ಹಾಕಿಕೊಂಡಿದ್ದರು. ತಿರುವಿನಲ್ಲಿ ಕೊಂಬೆಗೆ ಸೀರೆಯ ಅಂಚಿನ ಚೂರು ಕಟ್ಟಿದ್ದರು. ಮಂಡಿ ನೋಯುವವರಿಗೆ ಅರ್ಧ ದಾರಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ವರ್ಷ ತುಂಬುವಷ್ಟರಲ್ಲಿ ಪೈನ್ ಎಲೆಗಳ ಹಾಸಿನ ನಡುವೆ ಕೆಮ್ಮಣ್ಣಿನ ಹಾದಿ ಸ್ಪಷ್ಟವಾಗಿ ಬಿದ್ದಿತ್ತು.

ಕಾಡು ಬೇರೆಯವರದು, ಒಂದು ಮರದ ಮೇಲೆ ಒಳಗೆ ಬರಬೇಡಿ ಎಂಬ ಬಣ್ಣ ಮಾಸಿದ ಬೋರ್ಡು ಕೂಡ ಇದೆ ಎಂದು ನನ್ನ ಗಂಡ ಒಮ್ಮೆ ಅಪ್ಪನಿಗೆ ಬುದ್ಧಿ ಹೇಳಲು ಹೋದರು. ಪಾರ್ಕಿಗೆ ತಾನೇ ಕಾರಿನಲ್ಲಿ ಬಿಡುತ್ತೇನೆ, ಒಂದು ಮಾತು ಹೇಳಿದರೆ ಸಾಕು ಎಂದರು. ಮಾವ ಅದಕ್ಕೆ ಉತ್ತರ ಕೊಟ್ಟಿದ್ದು ನನಗೆ. ಮರುದಿನ ನಾನು ಸೊಪ್ಪು ಬಿಡಿಸುವಾಗ ಎದುರಿಗೆ ಬಂದು ಕೂತರು.

"ನೋಡವಾ, ಇಲ್ಲಿ ಹಾಲು ತರಬೇಕಂದ್ರ ನಿಮ್ಮನ್ನ ಕೇಳಬೇಕು. ಗುಡಿಗೆ ಹೋಗಬೇಕಂದ್ರ ಕೇಳಬೇಕು. ಕ್ಷೌರಕ್ಕೂ ಕೇಳಬೇಕು. ನೀವೇನು ಇಲ್ಲ ಅನ್ನೂದಿಲ್ಲ, ಖರೆ. ಆದ್ರ ಈ ಹಾದಿ ಒಂದಕ್ಕ ನಾ ಯಾರನ್ನೂ ಕೇಳೂದಿಲ್ಲ."

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಅವರಿಗೆ ಏನೂ ಕಡಿಮೆ ಮಾಡಿಲ್ಲ ಎಂಬ ಜಂಬದಲ್ಲಿ ನಾನಿದ್ದೆ. ಆ ಮನೆಯಲ್ಲಿ ಅವರು ಪ್ರತಿಯೊಂದಕ್ಕೂ ಯಾರದೋ ಬಿಡುವು ಕಾಯುತ್ತಾರೆ ಎನ್ನುವುದು ಅಲ್ಲಿವರೆಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮುಂದಿನ ವಸಂತದಲ್ಲಿ ಆ ಕಾಡಿನ ಅಂಚಿಗೆ ಟೌನ್‌ನವರು, ಅಂದರೆ ಇಲ್ಲಿನ ಪುರಸಭೆಯವರು, ಒಂದು ಬೋರ್ಡ್ ನೆಟ್ಟರು. ಎಲ್ಲರೂ ಗಂಟೆಗೆ ನಲವತ್ತು ಮೈಲಿ ವೇಗದಲ್ಲಿ ಹೋಗುವ ರಸ್ತೆಯಲ್ಲಿ ಅಂಗೈಯಗಲದ ಅಕ್ಷರದಲ್ಲಿ ಬರೆದ ನೋಟೀಸನ್ನು ಯಾರು ಓದಬೇಕೋ! ನಾನು ಕಾರು ಬದಿಗೆ ಹಾಕಿ ಇಳಿದು ಓದಿದೆ. ಕಾಡು ಇರುವ ಜಾಗದಲ್ಲಿ ಮನೆ ಕಟ್ಟಲು ಅರ್ಜಿ ಬಂದಿದೆ, ಸಾರ್ವಜನಿಕರು ಬಂದು ನಕ್ಷೆ ನೋಡಬಹುದು, ಆಮೇಲೆ ಕೌನ್ಸಿಲ್ ಮುಂದೆ ಮಾತಾಡಬಹುದು ಎಂದಿತ್ತು.

ನಕ್ಷೆ ನೋಡಲು ಹೋದ ಸಂಜೆ ನನಗೆ ಹಬ್ಬ. ಟೌನ್ ಹಾಲಿನ ಒಂದು ಕೋಣೆಯಲ್ಲಿ ಸ್ಟ್ಯಾಂಡುಗಳ ಮೇಲೆ ದೊಡ್ಡ ದೊಡ್ಡ ನಕ್ಷೆಗಳು, ಒಂದು ತಟ್ಟೆಯಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಬಣ್ಣದ ಚುಕ್ಕೆ ಸ್ಟಿಕರ್‌ಗಳು. ನಡೆಯಲು ದಾರಿ ಬೇಕೆನಿಸುವ ಕಡೆ ಹಸಿರು ಚುಕ್ಕೆ ಅಂಟಿಸಿ ಎನ್ನುತ್ತಿದ್ದರು. ಇಷ್ಟು ವರ್ಷ ನಾನು ಒಬ್ಬಳೇ ಚಪ್ಪಡಿಯ ಮೇಲೆ ನಿಂತು ಕೇಳಿಕೊಳ್ಳುತ್ತಿದ್ದ ಪ್ರಶ್ನೆಗೆ ಒಂದು ಇಲಾಖೆಯೇ ಇದೆ ಎಂದು ಅವತ್ತು ಗೊತ್ತಾಯಿತು. ಮಣ್ಣು ಮೆತ್ತಿದ ಬೂಟು ಹಾಕಿಕೊಂಡಿದ್ದ ಒಬ್ಬ ಪ್ಲಾನರ್ ಹೆಂಗಸು, ಮೂವತ್ತರ ಆಸುಪಾಸಿನವಳು, ನನ್ನ ಪ್ರಶ್ನೆಗಳಿಗೆಲ್ಲ ಬೇಸರವಿಲ್ಲದೆ ಉತ್ತರ ಹೇಳಿದಳು. ಸೈಡ್‌ವಾಕ್ ಯಾಕೆ ತುಂಡಾಗುತ್ತದೆ ಎಂದರೆ ನನ್ನ ಗಂಡ ಹೇಳಿದ್ದೇ ಸರಿಯಂತೆ. ಒಬ್ಬ ಬಿಲ್ಡರ್ ತನ್ನ ಜಾಗದ ಮುಂದೆ ಕಟ್ಟುತ್ತಾನೆ, ಪಕ್ಕದ ಜಾಗಕ್ಕೆ ಬಿಲ್ಡರ್ ಬರುವ ತನಕ ಅದು ಹಾಗೇ ಕಾಯುತ್ತದೆ. ಇದನ್ನು ನಾನು ಮನೆಯಲ್ಲಿ ಹೇಳಲು ಹೋಗಲಿಲ್ಲ.

ಮುಖ್ಯವಾದ ಮಾತು ಇನ್ನೊಂದಿತ್ತು. ಟೌನ್‌ನ ಹಾದಿಗಳ ನಕ್ಷೆಯಲ್ಲಿ ಆ ಕಾಡಿನೊಳಗೆ ಒಂದು ಗೆರೆ ಇದ್ದರೆ, ಮನೆ ಕಟ್ಟುವವನು ಆ ಪಟ್ಟಿಯನ್ನು ಬಿಟ್ಟು, ಅಲ್ಲಿ ಹಾದಿಯನ್ನೂ ತಾನೇ ಮಾಡಿಕೊಡಬೇಕು. ಗೆರೆ ಇಲ್ಲದಿದ್ದರೆ ಬೇಲಿ ಹಾಕಿಕೊಂಡು ಹೋಗುತ್ತಾನೆ. ಗೆರೆ ಇರಲಿಲ್ಲ. ಟೌನ್‌ನವರು ಹಾದಿಯನ್ನು ದೊಡ್ಡ ರಸ್ತೆಯ ಪಕ್ಕದಲ್ಲಿ ತೋರಿಸಿದ್ದರು. ಜನ ಈಗಾಗಲೇ ಕಾಡಿನೊಳಗೆ ಓಡಾಡುತ್ತಾರೆ ಎಂದು ನಾನು ಹೇಳಿದಾಗ ಅವಳ ಕಿವಿ ನೆಟ್ಟಗಾಯಿತು. ಹಾಗಿದ್ದರೆ ಮಾತು ಬೇರೆ, ಜನ ನಡೆದು ಬಿದ್ದ ಹಾದಿ ಕಂಡರೆ ಗೆರೆಯನ್ನು ಒಳಕ್ಕೆ ತರಲು ತಾನೇ ಶಿಫಾರಸು ಬರೆಯಬಹುದು, ಗುರುವಾರ ಬೆಳಿಗ್ಗೆ ಬಂದು ನೋಡುತ್ತೇನೆ, ಜಾಗದವರ ಒಪ್ಪಿಗೆಯನ್ನೂ ತೆಗೆದುಕೊಳ್ಳುತ್ತೇನೆ ಎಂದಳು. ನಾನು ಕಾಡಿನ ಮೇಲೆ ಒಂದಲ್ಲ, ಆರು ಹಸಿರು ಚುಕ್ಕೆ ಅಂಟಿಸಿ ಬಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮನೆಗೆ ಬಂದವಳು ಚಪ್ಪಲಿ ಬಿಡುತ್ತಾ, ಒಲೆಯ ಮೇಲೆ ಏನೋ ಸೀಯುತ್ತಿರುವ ವಾಸನೆ ಹಿಡಿದು ಅಡುಗೆಮನೆಗೆ ಓಡುತ್ತಾ ಹೇಳಿದ್ದು ಇಷ್ಟೇ.

"ಮಾವ, ಗುರುವಾರ ಬೆಳಿಗ್ಗೆ ಟೌನ್ ಆಫೀಸಿಂದ ನಿಮ್ಮ ದಾರಿ ಇನ್‌ಸ್ಪೆಕ್ಷನ್ ಮಾಡೋಕೆ ಬರ್ತಾರೆ."

ಯಾಕೆ ಬರುತ್ತಾರೆ, ಏನು ನೋಡಲು ಬರುತ್ತಾರೆ, ಅದೊಂದನ್ನೂ ಹೇಳಲಿಲ್ಲ. ಮಾವ ಹೌದೇ ಎಂದರು, ಟಿವಿ ಆರಿಸಿದರು. ಆಫೀಸಿನಲ್ಲಿ ಯಾರಾದರೂ ಇಷ್ಟು ಅರೆಬರೆ ವಿಷಯ ಬರೆದು ಕಳಿಸಿದ್ದರೆ ನಾನು ಅವರನ್ನು ಅಲ್ಲೇ ಹಿಡಿದು ಹತ್ತು ಪ್ರಶ್ನೆ ಕೇಳುತ್ತಿದ್ದೆ.

ಗುರುವಾರ ನಾನು ಅರ್ಧ ದಿನ ರಜೆ ಹಾಕಿ ಕೊಳದ ಬದಿಯಲ್ಲಿ ಕಾದೆ. ಪ್ಲಾನರ್ ಬಂದಳು, ಜೊತೆಗೆ ಕ್ಯಾಮೆರಾ ಹಿಡಿದ ಒಬ್ಬ ಸಹೋದ್ಯೋಗಿ. ಉತ್ಸಾಹದಿಂದ ಬನ್ನಿ ಬನ್ನಿ ಎಂದು ಅವರನ್ನು ಕರೆದುಕೊಂಡು ಹೋಗಿ ಕಾಡಿನ ಬಾಯಿಗೆ ನಿಲ್ಲಿಸಿದೆ. ಹಾದಿಯೇ ಇರಲಿಲ್ಲ.

ಹಾದಿ ಇದ್ದ ಜಾಗದಲ್ಲಿ ಪೈನ್ ಎಲೆಗಳು ಒಂದಂಗುಲವೂ ಕೆಂಪು ಕಾಣದಂತೆ ಒಪ್ಪವಾಗಿ ಹಾಸಿದ್ದವು. ನಾನು ತಪ್ಪು ಕಡೆ ಬಂದೆನೋ ಎಂದು ಹಿಂದೆ ತಿರುಗಿ ಕೊಳ ನೋಡಿದೆ. ಕೊಳ ಸರಿಯಾಗಿಯೇ ಇತ್ತು. ಒಳಗೆ ಹೋದೆವು. ಕೊಂಬೆಗೆ ಕಟ್ಟಿದ್ದ ಸೀರೆಯ ಚೂರು ಇಲ್ಲ. ಕುರ್ಚಿ ಇಲ್ಲ. ತೊರೆಯ ಮೇಲೆ ಹಲಗೆ ಇಲ್ಲ. ಹಾದಿಗೆ ಅಡ್ಡಲಾಗಿ ಎರಡು ಒಣ ದಿಮ್ಮಿ ಬೇರೆ ಬಿದ್ದಿದ್ದವು, ಹತ್ತು ವರ್ಷದಿಂದ ಅಲ್ಲೇ ಬಿದ್ದಿದ್ದೇವೆ ಎನ್ನುವ ಹಾಗೆ. ಯಾವಾಗಲೂ ಆ ಹೊತ್ತಿಗೆ ಬೆಳಗಿನ ವಾಕಿಂಗಿಗೆ ಬರುವ ಸೂರತ್ತಿನ ಗಂಡ ಹೆಂಡತಿಯೂ ಅವತ್ತು ನಾಪತ್ತೆ. ತೊರೆಯ ಅಂಚಿಗೆ ನಿಂತು ನಾನು ಇಲ್ಲೇ ಇತ್ತು, ಇಲ್ಲೇ ಇತ್ತು ಎಂದು ಹೇಳುತ್ತಿದ್ದೆ. ಪ್ಲಾನರ್ ಮರ್ಯಾದೆಯಿಂದ, ಇಲ್ಲಿ ಒಂದು ಹಾದಿ ಇದ್ದರೆ ಚೆನ್ನಾಗಿರುತ್ತದೆ ಎಂದು ನಿಮಗೆ ಏಕೆ ಅನ್ನಿಸಿತು ಎನ್ನುವುದು ಅರ್ಥವಾಗುತ್ತದೆ ಎಂದಳು. ಆಮೇಲೆ ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಓದಲು ಕಷ್ಟಪಡಬೇಕಿರಲಿಲ್ಲ, ಬಳಕೆಯ ಗುರುತಿಲ್ಲ ಎಂದು ಬರೆದಿದ್ದಳು.

ನಾನು ಕಾಲು ನೆಲಕ್ಕೆ ಅಪ್ಪಳಿಸುತ್ತಾ ಮನೆಗೆ ಬಂದೆ. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಸಾಹೇಬರು ಮಾತಾಡಿಸಲು ಕರೆದರೆ ಇರಲಿ ಎಂದು ಬೂಟು ಸಹ ಹಾಕಿಕೊಂಡು ಹಾಲಿನಲ್ಲಿ ಕೂತಿದ್ದರು.

"ಹೆಂಗಿತ್ತವಾ? ಸ್ವಚ್ಛ ಇತ್ತಿಲ್ಲೋ?" ಎಂದರು.

ಆಮೇಲೆ ಗೊತ್ತಾಯಿತು. ಇನ್‌ಸ್ಪೆಕ್ಷನ್ ಎಂಬ ಸುದ್ದಿ ಬುಧವಾರ ಮೈದಾನದ ಬದಿಯಲ್ಲಿ ಹನ್ನೆರಡು ಜನರ ಕಿವಿಗೆ ಬಿದ್ದಿತ್ತು. ಬೇರೆಯವರ ಕಾಡಿನಲ್ಲಿ ಓಡಾಡಿದ್ದಕ್ಕೆ ವೀಸಾಕ್ಕೇ ತೊಂದರೆ ಬರಬಹುದು ಎಂದು ಗುಂಟೂರಿನ ಮೇಷ್ಟ್ರು ಹೆದರಿದರು. ಹೆದರಬೇಡಿ, ಇಂಥಾ ಎಷ್ಟು ಇನ್‌ಸ್ಪೆಕ್ಷನ್ ಕಂಡಿದ್ದೇನೆ ಎಂದು ಮಾವ ಮುಂದಾಳಾದರು. ಅವರ ಕಾಲದಲ್ಲಿ ಜಿಲ್ಲಾಧಿಕಾರಿ ಬರುತ್ತಾರೆಂದರೆ ಕಲ್ಲಿಗೆ ಸುಣ್ಣ ಬಳಿದು, ರಸ್ತೆ ಗುಡಿಸಿ, ದನ ಮಂದಿ ಎಲ್ಲವನ್ನೂ ಅಡ್ಡ ಬರದ ಹಾಗೆ ಆಚೆ ಕಳಿಸುತ್ತಿದ್ದರಂತೆ. ಸಾಹೇಬರು ಬಂದಾಗ ಏನೂ ತಕರಾರು ಕಾಣಬಾರದು, ಅಷ್ಟೇ. ಎಲ್ಲರ ಗ್ಯಾರೇಜಿನಿಂದ ಎಲೆ ಬಾಚುವ ಕುಂಟೆಗಳು ಬಂದವು. ಸಾಲದ ಕಡೆಗೆ ಸೂರತ್ತಿನವರ ಮಗ ಹೂವಿನ ಪಾತಿಗೆಂದು ತಂದಿಟ್ಟಿದ್ದ ಪೈನ್ ಎಲೆಯ ನಾಲ್ಕು ಪೆಂಡಿ ಬಿಚ್ಚಿ ಹಾಸಿದರು. ಕುಂಭಕೋಣದ ಆಂಟಿ ಹಿಂದೆ ಹಿಂದೆ ಬಂದು ಕೈಯಿಂದಲೇ ಸಮ ಮಾಡಿದರು. ಗಣೇಶನ ಮಾಡಲು ಹೋಗಿ ಅವರಪ್ಪನ ಮಾಡಿದ್ದರು.

ನನಗೆ ಆಗ ಇದರಲ್ಲಿ ನಗು ಕಾಣಲಿಲ್ಲ.

"ಏನು ಮಾಡಿಬಿಟ್ರಿ ಮಾವ. ಅವರು ನೋಡೋಕೆ ಬಂದಿದ್ದೇ ನಿಮ್ಮ ಕಾಲಿನ ಗುರುತು. ಅದನ್ನೇ ಒರೆಸಿ ಹಾಕಿದ್ರಲ್ಲ."

ದನಿ ಏರಿತ್ತು. ಮದುವೆಯಾದಾಗಿನಿಂದ ಅವರ ಮುಂದೆ ನಾನು ಹಾಗೆ ಮಾತಾಡಿರಲಿಲ್ಲ. ಗೆರೆಯ ವಿಷಯ, ಬೇಲಿಯ ವಿಷಯ, ಬಳಕೆಯ ಗುರುತಿನ ವಿಷಯ, ಎರಡು ದಿನ ಮುಂಚೆ ಹೇಳಬೇಕಿದ್ದ ಎಲ್ಲವನ್ನೂ ಅವತ್ತು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಕೇಳಿಸಿಕೊಂಡು ಬಗ್ಗಿ ಬೂಟಿನ ಲೇಸು ಬಿಚ್ಚಿದರು. ಅದಕ್ಕೆ ಬಹಳ ಹೊತ್ತು ಹಿಡಿಯಿತು.

"ಮಂದಿ ಹಾದಿ ಮುಚ್ಚಿದ್ರ ನಾ ನಕಾಶಿ ಹಿಡಕೊಂಡು ಹೋಗಿ ತೆರಸ್ತಿದ್ದೆ," ಎಂದರು. "ಈಗ ನಾನ ಮುಚ್ಚಿದೆ."

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು ಎಂದು ಅವರೇ ಹೇಳಿಕೊಂಡು ತಮ್ಮ ಕೋಣೆಗೆ ಹೋದರು. ನನಗೆ ಮರುಕ್ಷಣವೇ ಪಶ್ಚಾತ್ತಾಪವಾಯಿತು. ತಪ್ಪು ಅರ್ಧಕ್ಕಿಂತ ಹೆಚ್ಚು ನನ್ನದೇ. ಆದರೆ ನನಗೆ ಕ್ಷಮೆ ಕೇಳುವುದು ಬೇಗ ಬರುವುದಿಲ್ಲ. ಬಾಗಿಲು ಬಡಿದು ಒಂದು ಲೋಟ ಚಹಾ ಇಟ್ಟುಬಂದೆ.

ಕೌನ್ಸಿಲ್ ಮುಂದೆ ಮಾತಾಡುವ ದಿನಕ್ಕೆ ಇನ್ನೂ ಎರಡು ವಾರವಿತ್ತು. ನಾನು ಭಾಷಣ ಬರೆದು, ಅಳಿಸಿ, ಮತ್ತೆ ಬರೆದೆ. ಹಿಂದಿನ ಸಂಜೆ ಮಾವ ಬಂದು ಮಾತಾಡುವವರು ತಾವೇ ಎಂದರು. ನಾನು ಬರಿ ಇಂಗ್ಲಿಷ್ ಮಾಡಬೇಕಂತೆ. ಕೈಯಲ್ಲಿ ಆ ಹಳೆಯ ನೋಟ್‌ಬುಕ್ಕು. ಮೊದಲ ವಾರ ಬರೆದ ಟಿಪ್ಪಣಿಯನ್ನು ನನ್ನ ಮಗಳ ಡ್ರಾಯಿಂಗ್ ಹಾಳೆಯ ಮೇಲೆ ದೊಡ್ಡದಾಗಿ ಎಳೆದಿದ್ದರು. ಕೊಳದಿಂದ ಮೈದಾನದವರೆಗೆ ಒಂದು ಸಾಲು ಚುಕ್ಕೆಗೆರೆ, ಅಕ್ಕಪಕ್ಕ ಮರಗಳು, ಅಂಕಿಗಳು, ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ.

ಆ ಸಭೆಯನ್ನು ನಾನು ಮರೆಯುವುದಿಲ್ಲ. ಒಬ್ಬೊಬ್ಬರಿಗೆ ಮೂರು ನಿಮಿಷ. ಮೈಕಿನ ಮುಂದೆ ಒಂದು ಪುಟ್ಟ ದೀಪ, ಹಸಿರು, ಹಳದಿ, ಆಮೇಲೆ ಕೆಂಪು. ನಮಗಿಂತ ಮೊದಲು ಒಬ್ಬರು ಕಸದ ಲಾರಿಯ ಸದ್ದಿನ ಬಗ್ಗೆ, ಇನ್ನೊಬ್ಬರು ತಮ್ಮ ಮನೆಯ ಮುಂದಿನ ಒಂದು ಓಕ್ ಮರದ ಬಗ್ಗೆ ಮಾತಾಡಿದರು. ಕೌನ್ಸಿಲಿನವರು ಎಲ್ಲಕ್ಕೂ ಒಂದೇ ರೀತಿ ತಲೆದೂಗುತ್ತಾ ಕೇಳಿದರು. ಇಷ್ಟು ಸಣ್ಣ ಸಂಗತಿಗಳಿಗೆ ಇಷ್ಟು ದೊಡ್ಡ ಮೇಜು ಹಾಕಿ ಕೂರುತ್ತಾರಲ್ಲ ಎಂದು ನನಗೆ ಬೆರಗು. ನಮ್ಮ ಹಿಂದಿನ ಎರಡು ಸಾಲಿನಲ್ಲಿ ಹನ್ನೊಂದು ಜನ ಹಿರಿಯರು, ಎಲ್ಲರೂ ಇಸ್ತ್ರಿ ಬಟ್ಟೆಯಲ್ಲಿ ಕೂತಿದ್ದರು.

ಮಾವ ಒಂದು ವಾಕ್ಯ ಹೇಳುವುದು, ನಾನು ಇಂಗ್ಲಿಷಿನಲ್ಲಿ ಹೇಳುವುದು. ನಾನು ಭೂಮಾಪಕ. ಈ ಕಾಡಿನಲ್ಲಿ ಒಂದು ಹಾದಿ ಉಂಟು, ಉದ್ದ ಇಷ್ಟು. ದಿನಾ ಹನ್ನೆರಡು ಜನ ನಡೆಯುತ್ತೇವೆ, ನಮಗೆ ಕಾರು ಓಡಿಸಲು ಬರುವುದಿಲ್ಲ. ಹಾಳೆಯನ್ನು ಮೇಲೆತ್ತಿ ಹಿಡಿದರು. ಅಲ್ಲಿವರೆಗೆ ಚೆನ್ನಾಗಿತ್ತು. ಆಮೇಲೆ ಅವರು, ನಿಮ್ಮ ಆಫೀಸಿನವರು ನೋಡಲು ಬಂದಾಗ ಹಾದಿ ಕಾಣಲಿಲ್ಲ, ಯಾಕೆಂದರೆ ಹಿಂದಿನ ದಿನ ನಾನೇ ಜನ ಕೂಡಿಸಿ ಅದನ್ನು ಗುಡಿಸಿ ಮುಚ್ಚಿದೆ ಎಂದರು. ಈ ಜನ ನಮ್ಮನ್ನು ಏನೆಂದುಕೊಂಡಾರು, ನಗುತ್ತಾರೆ ಎನಿಸಿತು. ಅಂದು ಎಲೆ ಬಹಳ ಬಿದ್ದಿತ್ತು, ಹಾದಿ ಸರಿಯಾಗಿ ಕಾಣಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಮುಂದಕ್ಕೆ ಹೋದೆ. ಮಾವನಿಗೆ ಇಂಗ್ಲಿಷ್ ಆಡಲು ಕಷ್ಟವೇ ಹೊರತು ಕೇಳಿದ್ದು ಅರ್ಥವಾಗುತ್ತದೆ ಎನ್ನುವುದನ್ನು ಮರೆತಿದ್ದೆ. ಅವರು ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದರು. ದೀಪ ಹಳದಿಯಾಗಿತ್ತು.

"ಎಲ್ಲಾ ಹೇಳವಾ. ಅದನ್ನ ಬಿಡಬ್ಯಾಡ."

ಹೇಳಿದೆ. ನನ್ನ ಮಾವ ಮತ್ತು ಹಿಂದೆ ಕೂತಿರುವ ಇವರೆಲ್ಲ ಸೇರಿ ತಮ್ಮ ಹಾದಿಯನ್ನು ಗುಡಿಸಿ ಮುಚ್ಚಿದರು, ಅಧಿಕಾರಿಗಳು ಬರುವಾಗ ಹೀಗೆ ಮಾಡುವುದೇ ಅವರಿಗೆ ಗೊತ್ತಿದ್ದ ಮರ್ಯಾದೆ, ಏನು ನೋಡಲು ಬರುತ್ತಾರೆಂದು ಅವರಿಗೆ ತಿಳಿಸದೇ ಇದ್ದ ತಪ್ಪು ನನ್ನದು ಎಂದೆ. ಕೊನೆಯದು ಅವರು ಹೇಳಿದ್ದಲ್ಲ, ನಾನೇ ಸೇರಿಸಿದ್ದು. ಯಾರೂ ನಗಲಿಲ್ಲ. ಗೋಡೆಯ ಬದಿ ಕೂತಿದ್ದ ಪ್ಲಾನರ್ ಮಾತ್ರ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೆಂಪು ದೀಪ ಹತ್ತಿತು. ಮಾವ ಹಾಳೆ ಮಡಚಿ ನಮಸ್ಕಾರ ಮಾಡಿ ಬಂದು ಕೂತರು. ಸಭೆ ಮುಗಿದ ಮೇಲೆ ಅವಳು ಬಂದು ಆ ಹಾಳೆಯ ಫೋಟೋ ತೆಗೆದುಕೊಂಡಳು, ಅಂಕಿಗಳನ್ನು ನನ್ನಿಂದ ಓದಿಸಿ ಬರೆದುಕೊಂಡಳು.

ಕೌನ್ಸಿಲ್ ಅವತ್ತು ಏನೂ ತೀರ್ಮಾನಿಸಲಿಲ್ಲ. ಇನ್ನೊಮ್ಮೆ ನೋಡಿ ಬನ್ನಿ ಎಂದು ಆಫೀಸಿನವರಿಗೇ ವಾಪಸ್ಸು ಕಳಿಸಿತು. ಕೆಲವು ದಿನಗಳ ಮೇಲೆ ಪ್ಲಾನರ್ ಕಡೆಯಿಂದ ನನಗೆ ಎರಡು ಸಾಲಿನ ಇ‌-ಮೇಲ್ ಬಂತು. ಮುಂದಿನ ವಾರ ಒಂದು ದಿನ ಬರುತ್ತೇನೆ, ದಯವಿಟ್ಟು ಯಾರಿಗೂ ಹೇಳಬೇಡಿ ಎಂದಿತ್ತು. ಬಾಯಲ್ಲಿ ಎಳ್ಳು ನೆನೆಯದ ನನಗೆ ಅದು ಎಂಥಾ ಶಿಕ್ಷೆ! ಗಂಡನಿಗೂ ಹೇಳಲಿಲ್ಲ. ಸಂಜೆ ಮಾವ ಬಾಗಿಲು ದಾಟುವಾಗಲೆಲ್ಲ ಇವತ್ತೇ ಏನೋ ಎಂದು ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ. ಬುಧವಾರ ಅವರು ಮನೆಗೆ ಬಂದವರೇ, ಬೂಟಿನ ಹುಡುಗಿ ತೊರೆಯ ಹತ್ತಿರ ಸಿಕ್ಕಿದ್ದಳು, ಮತ್ತೆ ಹಾಕಿದ ಹಲಗೆ ದಾಟಲು ನಾವೇ ಕೈ ಹಿಡಿದು ಸಹಾಯ ಮಾಡಿದೆವು, ಮೈದಾನದ ತನಕ ಜೊತೆಗೇ ಬಂದಳು ಎಂದು ಹೇಳಿದರು. ಆಗ ಮಳೆಯ ಕೆಸರು, ಅವರ ಬೂಟಿಗೆ ಅರ್ಧ ಕಾಡೇ ಅಂಟಿಕೊಂಡಿತ್ತು. ಮನೆಯೊಳಗೆ ಕೆಂಪು ಮಾಡಿದರೆಂದು ಬೈಯುವ ನಾನು ಅಂದು ಆ ಗುರುತುಗಳನ್ನು ದಾಟಿ ಹೋಗಿ ಚಹಾಕ್ಕಿಟ್ಟೆ.

ನಕ್ಷೆಯಲ್ಲಿ ಗೆರೆ ಬಂತು. ಬಂದ ಗೆರೆಯೂ ಚುಕ್ಕೆಗೆರೆಯೇ. ಮಾವ ಅದನ್ನು ಪ್ರಿಂಟ್ ಹಾಕಿಸಿಕೊಂಡು ತಮ್ಮ ಟಿಪ್ಪಣಿಯ ಪಕ್ಕ ಇಟ್ಟು, ತೊರೆಯ ಹತ್ತಿರ ಅರ್ಧ ಸರಪಳಿ ತಪ್ಪಾಗಿದೆ ಎಂದರು. ಆದರೆ ಗೆರೆ ಬಂದ ಮಾತ್ರಕ್ಕೆ ಹಾದಿ ಬರುವುದಿಲ್ಲ ಎನ್ನುವುದು ಆಮೇಲೆ ತಿಳಿಯಿತು. ಮರ ಕಡಿಯುವ ಕೆಲಸ ಶುರುವಾದಾಗ ಸುತ್ತಲೂ ಬೇಲಿ ಬಿತ್ತು, ಈ ಸಲ ಹೊಸ ಬೋರ್ಡಿನ ಸಮೇತ. ಅದು ಎರಡು ವರ್ಷಕ್ಕಿಂತ ಹೆಚ್ಚು ನಡೆಯಿತು. ಶನಿವಾರ, ಭಾನುವಾರ ನಾವು ಕಾರಿನಲ್ಲಿ ಬಿಡುತ್ತಿದ್ದೆವು. ನಾಲ್ಕಕ್ಕೇ ಬೂಟು ಹಾಕಿ ಹಾಲಿನಲ್ಲಿ ಕೂತಿರುತ್ತಿದ್ದರು, ನನ್ನ ಕೆಲಸ ಮುಗಿಯಿತೇ ಎಂದು ಒಮ್ಮೆಯೂ ಕೇಳುತ್ತಿರಲಿಲ್ಲ. ವಾರದ ದಿನಗಳಲ್ಲಿ ಬೀದಿಯ ಕೊನೆಯ ಚಪ್ಪಡಿಯವರೆಗೆ ಹೋಗಿ ನಿಂತು ಹಿಂದಿರುಗುತ್ತಿದ್ದರು. ಗುಂಟೂರಿನ ಮೇಷ್ಟ್ರು ಆ ನಡುವೆ ಊರಿಗೆ ಮರಳಿದರು. ಮಾವನಿಗೂ ಊರಿನ ಮಾತು ಹೆಚ್ಚಾಯಿತು. ಅವರನ್ನು ಇಲ್ಲಿ ಹಿಡಿದಿಟ್ಟಿದ್ದು ನಾವೋ ಆ ಹಾದಿಯೋ ಎಂದು ನನಗೆ ನಿಜವಾಗಿ ಅನುಮಾನ ಬಂದಿತ್ತು.

ಕೊನೆಗೂ ಹಾದಿ ಆಯಿತು. ಹತ್ತಡಿ ಅಗಲದ ಕಪ್ಪು ಡಾಂಬರು, ತೊರೆಗೆ ಮರದ ಸೇತುವೆ, ಪಕ್ಕದಲ್ಲಿ ಹೊಸ ಮನೆಗಳ ಸಾಲು. ಕಾಡಿನಲ್ಲಿ ಕಾಲು ಭಾಗ ಉಳಿದಿತ್ತು. ಟೌನ್‌ನವರು ಶನಿವಾರ ಬೆಳಿಗ್ಗೆ ಹತ್ತಕ್ಕೆ ರಿಬ್ಬನ್ ಕತ್ತರಿಸುವ ಸಮಾರಂಭ ಇಟ್ಟು, ಮಾವನ ಹೆಸರು ಬರೆದೇ ಆಹ್ವಾನ ಕಳಿಸಿದರು. ಬಿಳಿ ಅಂಗಿಗೆ ಹಿಂದಿನ ದಿನವೇ ನಾನು ಇಸ್ತ್ರಿ ಮಾಡಿಟ್ಟೆ. ಬೆಳಿಗ್ಗೆ ಎಂಟಕ್ಕೆ ಚಹಾ ಕೊಡಲು ಹೋದರೆ ಕೋಣೆ ಖಾಲಿ. ಬಚ್ಚಲಲ್ಲಿಲ್ಲ, ಹಿತ್ತಲಲ್ಲಿಲ್ಲ. ಅಂಗಿ ಹ್ಯಾಂಗರಿನಲ್ಲೇ ಇದೆ. ಚಹಾ ಕುಡಿದ ಲೋಟ ತೊಳೆದು ಬೋರಲು ಹಾಕಿದ್ದಾರೆ. ಫೋನ್ ಚಾರ್ಜಿಗೆ ಹಾಕಿದ್ದು ಹಾಗೇ ಇದೆ. ಹೋಗುವಾಗ ಒಂದು ಮಾತು ಹೇಳಬಾರದೇ ಎಂದು ನಾನು ಗಂಡನ ಮೇಲೆ ರೇಗಿದೆ, ಅವರು ಕಾರಿನ ಕೀ ಹುಡುಕಿದರು. ನಾನು ಹಿಂದಿನ ಬಾಗಿಲಿನಿಂದ ಕೊಳದ ಕಡೆ ಓಡಿದೆ.

ಪ್ಲಾನರ್ ಆಗಲೇ ಬಂದು ಹಾದಿಯ ಬಾಯಿಗೆ ರಿಬ್ಬನ್ ಕಟ್ಟುತ್ತಿದ್ದಳು. ನನ್ನನ್ನು ನೋಡಿ ನೆಲ ತೋರಿಸಿದಳು. ಹಿಂದಿನ ರಾತ್ರಿ ಮಳೆ ಬಂದಿತ್ತು. ಹೊಚ್ಚಹೊಸ ಕಪ್ಪು ಡಾಂಬರಿನ ಮೇಲೆ ಕೆಮ್ಮಣ್ಣಿನ ಹೆಜ್ಜೆಗಳು, ಒಂದರ ಮುಂದೆ ಒಂದು, ರಿಬ್ಬನ್ನಿನ ಕೆಳಗಿನಿಂದ ಹಾದು ಸೇತುವೆಯ ಕಡೆ ಹೋಗಿದ್ದವು. ಹಾದಿಯ ಅಂಚಿನಲ್ಲಿ ನೀರು ನಿಂತ ಕೆಸರಿನಲ್ಲಿ ಬೇಕೆಂದೇ ಬೂಟು ಅದ್ದಿದ ಗುರುತೂ ಇತ್ತು. ಅದನ್ನು ಒರೆಸಲೇ ಎಂದು ಅವಳ ಜೊತೆಗಿದ್ದವನು ಪೊರಕೆ ತಂದಿದ್ದ. ಬೇಡ ಎಂದು ನಾವಿಬ್ಬರೂ ಒಟ್ಟಿಗೇ ಹೇಳಿದೆವು.

ನಾನು ರಿಬ್ಬನ್ ಎತ್ತಿ ಆ ಹೆಜ್ಜೆಗಳ ಪಕ್ಕದಲ್ಲೇ ನಡೆದೆ. ಸೇತುವೆ ದಾಟಿದ ಮೇಲೆ ಗುರುತು ತೆಳುವಾಗಿ, ಬಯಲು ಪಟ್ಟಿಯ ಹತ್ತಿರ ಇಲ್ಲವಾಯಿತು. ಮಾವ ಮೈದಾನದ ಬದಿಯ ಬೆಂಚಿನಲ್ಲಿ ಕುಂಭಕೋಣದ ಆಂಟಿ ಮತ್ತು ಸೂರತ್ತಿನವರ ಜೊತೆ ಕೂತು ನಗುತ್ತಿದ್ದರು. ನನ್ನನ್ನು ಕಂಡು ನಗು ನಿಲ್ಲಿಸಿ, ಮಾಸಿದ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

"ಹೇಳಿ ಬರಬೇಕಿತ್ತೇನವಾ?" ಎಂದರು.

ಓಡಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. ದಾರಿಯುದ್ದಕ್ಕೂ ಬೈಯಲು ಜೋಡಿಸಿಕೊಂಡ ಮಾತೆಲ್ಲ ಬಾಯಲ್ಲೇ ಇತ್ತು.

"ಬೇಡ ಮಾವ," ಎಂದೆ.